ಏಳುನೂರ ಎಪ್ಪತ್ತು ಮಿಲಿಮೀಟರ್ ಬಿಸಿಲು

"ನೂರ ನಲವತ್ತೆರಡಾ? ಮಾರಾಯ್ರೆ, ನೀವು ಮಳೆಮಾಪಕ ಇಟ್ಟದ್ದು ಅಂಗಳದಲ್ಲಾ, ಬಾವಿಯ ಒಳಗಾ?"

ಫೋನಿನಲ್ಲಿ ಹೀಗೆ ಕೇಳಿದವರು ಸವಣೂರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಕೀಮ್. ಕೇಳಿಸಿಕೊಂಡವರು ಬೊಳ್ಳಾಜೆಯ ತಿರುಮಲೇಶ್ವರಣ್ಣ. ಇಬ್ಬರ ಮನೆಯೂ ಬೊಳ್ಳಾಜೆಯಲ್ಲೇ, ನಡುವೆ ಒಂದು ಗುಡ್ಡೆ, ನೀರು ಹರಿಯುವ ಒಂದು ತೋಡು, ಅಷ್ಟೆ.

"ಅಂಗಳದಲ್ಲೇ ಇಟ್ಟದ್ದು. ನಿಮ್ಮಲ್ಲಿ ಎಷ್ಟು?" ಎಂದರು ತಿರುಮಲೇಶ್ವರಣ್ಣ, ಉತ್ತರ ಆಗಲೇ ವಾಟ್ಸಾಪಿನಲ್ಲಿ ನಾಲ್ಕು ಸಲ ಓದಿದ್ದರೂ.

"ಮೂವತ್ತೆರಡು."

"ಛೆ ಪಾಪ," ಎಂದರು ತಿರುಮಲೇಶ್ವರಣ್ಣ. ಆ 'ಪಾಪ'ದಲ್ಲಿ ಮೂರು ವರ್ಷದ ಸಿಟ್ಟು ತೀರಿತು.

ನಮ್ಮ ಕಡೆಯ ಈ ರೋಗ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪುತ್ತೂರು, ಸುಳ್ಯ, ಕಡಬದ ಬದಿಯಲ್ಲಿ ಮಳೆ ಬಂದರೆ ಸಾಲದು, ಅದನ್ನು ಅಳೆಯಬೇಕು. ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಗಾಜಿನ ಕೊಳವೆಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅಂಕಿಯನ್ನು 'ಮಳೆ ಮಿತ್ರರು' ಎಂಬ ಬಳಗಕ್ಕೆ ಹಾಕಬೇಕು. ಯಾರಲ್ಲಿ ಜಾಸ್ತಿಯೋ ಆ ದಿನ ಅವನು ದೊಡ್ಡ ಜನ. ಮಾಪಕ ಇಲ್ಲದವನು ಮಳೆಯ ವಿಷಯ ಎತ್ತಿದರೆ, "ನಿನಗೆ ಒದ್ದೆಯಾಗಿ ಮಾತ್ರ ಗೊತ್ತು, ಸುಮ್ಮನಿರು" ಎಂದು ಕೂರಿಸುತ್ತಾರೆ. ಈ ಬಳಗದಲ್ಲಿ ಮೂರು ವರ್ಷದಿಂದ ಹಕೀಮರದ್ದೇ ಮೇಲುಗೈ. ತಿರುಮಲೇಶ್ವರಣ್ಣ ಯಾವಾಗಲೂ ನಾಲ್ಕೈದು ಮಿಲಿಮೀಟರ್ ಹಿಂದೆ.

"ಕಡಿಮೆ ಬಂದರೆ ಬಟ್ಟೆಯಾದರೂ ಒಣಗ್ತದಲ್ಲ," ಎಂದು ಹೆಂಡತಿ ಪರಮೇಶ್ವರಿ ಸಮಾಧಾನ ಹೇಳಿದ್ದು ಅವರಿಗೆ ಇನ್ನೂ ನೋಯುತ್ತಿತ್ತು.

ಹಾಗಾಗಿ ಈ ವರ್ಷ ಅವರು ನಾಲ್ಕಿಂಚು ಬಾಯಿಯ, ಫಳಫಳ ಹೊಳೆಯುವ ಹಿತ್ತಾಳೆಯ ಮಾಪಕ ತರಿಸಿದರು. ಬಂದವರಿಗೆ ಮೊದಲು ಅದೇ ಕಾಣಬೇಕೆಂದು ಅಂಗಳದ ಮಧ್ಯದಲ್ಲಿ ಕಟ್ಟೆ ಕಟ್ಟಿಸಿದರು. ಅಲ್ಲಿದ್ದ ಹಳೇ ತುಳಸಿಕಟ್ಟೆಯನ್ನು ಇಂಟರ್‌ಲಾಕ್ ಹಾಕುವಾಗ ತೆಗೆದಾಗಿತ್ತು. ತುಳಸಿ ಸದ್ಯಕ್ಕೆ ಬಚ್ಚಲಿನ ಹಿಂದೆ ಪೇಂಟಿನ ಬಕೆಟ್ಟಿನಲ್ಲಿತ್ತು. ಕಟ್ಟೆ ಕಟ್ಟಿದ ಮೇಸ್ತ್ರಿ ಜೀವನವಿಡೀ ತುಳಸಿಕಟ್ಟೆ ಮಾತ್ರ ಕಟ್ಟಿದವನು. ಕೈ ಹೋದ ಹಾಗೆ ಮೂರು ಮೆಟ್ಟಿಲು ಏರಿಸಿ, ಸುತ್ತ ಕೆಂಪು ಟೈಲ್ಸ್ ಕೂರಿಸಿ, ಪೂರ್ವಕ್ಕೆ ದೀಪ ಇಡುವ ಒಂದು ಗೂಡನ್ನೂ ಬಿಟ್ಟಿದ್ದ.

"ಇದೆಂತಕ್ಕೆ ಗೂಡು?" ಎಂದು ತಿರುಮಲೇಶ್ವರಣ್ಣ ಕೇಳಿದ್ದರು.

"ಗೂಡಿಲ್ಲದಿದ್ದರೆ ಕಟ್ಟೆ ಬೋಳು ಕಾಣ್ತದೆ ಅಣ್ಣ," ಎಂದಿದ್ದ ಮೇಸ್ತ್ರಿ.

ಮಾಪಕ ಪೀಠವೇರಿದ ವಾರದಲ್ಲೇ, ಮಂಗಳವಾರ ಸಂಜೆ, ಪರಮೇಶ್ವರಿಯ ದೊಡ್ಡಮ್ಮ ದುಗ್ಗಮ್ಮ ಸಂಪಾಜೆಯಿಂದ ಬಂದಿಳಿದರು. ಎಂಬತ್ತರ ಹತ್ತಿರದ ಜೀವ. ಎರಡೂ ಕಣ್ಣಿಗೆ ಪೊರೆ. ಪುತ್ತೂರಿನ ಡಾಕ್ಟ್ರು ಆಪರೇಷನ್‌ಗೆ ಮುಂದಿನ ವಾರ ಬನ್ನಿ ಎಂದಿದ್ದರು. ಅಲ್ಲಿಯವರೆಗೆ ಅವರಿಗೆ ಜಗತ್ತು ಗಂಜಿತಿಳಿಯ ಒಳಗಿಂದ ನೋಡಿದ ಹಾಗೆ. ಬೆಳಿಗ್ಗೆ ಐದಕ್ಕೆ, ಮನೆಯವರು ಮಗ್ಗುಲು ಬದಲಿಸುವ ಮೊದಲೇ, ಎದ್ದು ಮಿಂದು ಬಿಡುವ ಅಭ್ಯಾಸ ಮಾತ್ರ ಪೊರೆಗೆ ಬಗ್ಗಿರಲಿಲ್ಲ.

ಬುಧವಾರ ನೂರ ನಲವತ್ತೆರಡು ಬಿದ್ದದ್ದು ಹೀಗೆ ಅವರು ಬಂದ ಮರುದಿನವೇ. ತಿರುಮಲೇಶ್ವರಣ್ಣ ತಿಂಡಿಗೆ ಕೂತು, "ಭಯಂಕರ ಮಳೆ ದೊಡ್ಡಮ್ಮ. ಹೀಗೆ ಬಂದರೆ ಊರು ಉಳಿಯುದು ಕಷ್ಟ," ಎಂದರು, ಊರು ಉಳಿಯದಿದ್ದರೂ ಚಿಂತೆಯಿಲ್ಲ ಎಂಬಷ್ಟು ಸಂತೋಷದಿಂದ.

"ಅಯ್ಯೋ ದೇವರೇ," ಎಂದರು ದುಗ್ಗಮ್ಮ. "ನನಗೆ ಅಷ್ಟು ಕೇಳಿಸಲೇ ಇಲ್ಲ. ಕಿವಿಯೂ ಹೋಯ್ತಾ ಏನೊ."

ಗುರುವಾರ ಹಕೀಮರಲ್ಲಿ ಇಪ್ಪತ್ತೊಂಬತ್ತು, ತಿರುಮಲೇಶ್ವರಣ್ಣನಲ್ಲಿ ಇನ್ನೂರ ನಲವತ್ತೊಂಬತ್ತು.

ಬಳಗದಲ್ಲಿ ಚರ್ಚೆ ಶುರುವಾಯಿತು. ಗುಡ್ಡೆಯ ಆ ಬದಿಗೆ ಮೋಡ ತಾಗಿ ಅಲ್ಲೇ ಸುರಿಯುತ್ತದೆ ಎಂದು ಒಬ್ಬರು. ಇದು ಮೇಘಸ್ಫೋಟದ ಮರಿ ಎಂದು ನಿವೃತ್ತ ಮೇಷ್ಟ್ರೊಬ್ಬರು. ಬಳಗದಲ್ಲಿ ಸುಮ್ಮನೆ ಕೂತಿದ್ದ ಪತ್ರಿಕೆಯವನೊಬ್ಬ ಅದನ್ನು ಹಾಗೇ ಎತ್ತಿಕೊಂಡು ಹತ್ತು ಗಂಟೆಗೆಲ್ಲ 'ಬೊಳ್ಳಾಜೆಯಲ್ಲಿ ದಾಖಲೆ ಮಳೆ: ಗ್ರಾಮಸ್ಥರಲ್ಲಿ ಆತಂಕ' ಎಂದು ತಿರುಮಲೇಶ್ವರಣ್ಣನ ಫೋಟೋ ಸಮೇತ ಹಾಕಿಬಿಟ್ಟ. ಆತಂಕ ಏನಾದರೂ ಇದ್ದರೆ ಅದು ಫೋಟೋದಲ್ಲಿ ತಮ್ಮ ತಲೆಗೂದಲು ಸರಿ ಬಂತೋ ಇಲ್ಲವೋ ಎಂದು ತಿರುಮಲೇಶ್ವರಣ್ಣನಿಗೆ ಮಾತ್ರ.

ಮಧ್ಯಾಹ್ನ ಗ್ರಾಮ ಆಡಳಿತಾಧಿಕಾರಿ ಯಶ್ಮಿತಾ ಸ್ಕೂಟಿಯಲ್ಲಿ ಬಂದರು. ಸಣ್ಣ ಪ್ರಾಯದ ಹುಡುಗಿ, ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತಷ್ಟೆ. ಮಾಪಕಕ್ಕೆ ಸುತ್ತು ಬಂದು ನೋಡಿದರು, ಮಟ್ಟಗೋಲು ಇಟ್ಟರು, ಬಾಯಿಯ ಅಳತೆ ತೆಗೆದರು.

"ಮಾಪಕ ಸರಿಯಾಗಿಯೇ ಉಂಟು ಅಂಕಲ್. ಮರದ ನೀರು ಬೀಳುದಿಲ್ಲ, ಮಾಡಿನ ನೀರು ಬೀಳುದಿಲ್ಲ."

"ಬೀಳುದು ಹೇಗೆ? ಇದು ವೈಜ್ಞಾನಿಕ," ಎಂದರು ತಿರುಮಲೇಶ್ವರಣ್ಣ. "ನಾಳೆಯಿಂದ ನಾನೇ ಎಂಟೂವರೆಗೆ ನಿಮಗೆ ಫೋನ್ ಮಾಡಿ ಹೇಳ್ತೇನೆ."

ಒಳಗೆ ಜಗಲಿಯಲ್ಲಿ ಕೂತಿದ್ದ ದುಗ್ಗಮ್ಮ, "ಯಾರದು, ಸರ್ಕಾರದವರಾ? ಅಷ್ಟು ಜೋರಾ ಮಳೆ?" ಎಂದು ಪರಮೇಶ್ವರಿಯನ್ನು ಕೇಳಿದರು.

"ಜೋರೇ ಅಂತೆ. ನಾಳೆ ಶಾಲೆಗೂ ರಜೆ ಅಂತೆ," ಎಂದಳು ಪರಮೇಶ್ವರಿ, ಹೊರಗೆ ಹಗ್ಗದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಾ.

ದುಗ್ಗಮ್ಮ ಕೈ ಮುಗಿದರು. ಅವರು ಏನೋ ನಿಶ್ಚಯ ಮಾಡಿಕೊಂಡ ಹಾಗೆ ಕಂಡಿತು. ಯಾರೂ ಗಮನಿಸಲಿಲ್ಲ.

ಶುಕ್ರವಾರ ಐನೂರ ಎಪ್ಪತ್ತೊಂದು.

ಹಕೀಮರಲ್ಲಿ ಇಪ್ಪತ್ತೊಂದು.

ಹನ್ನೊಂದು ಗಂಟೆಗೆ ಬೊಳ್ಳಾಜೆಗೆ ಎರಡು ಜೀಪು ಬಂತು, ಒಂದು ಲಾರಿ ಬಂತು. ಲಾರಿಯ ಮೇಲೆ ಕೇಸರಿ ಬಣ್ಣದ ರಬ್ಬರ್ ಬೋಟು, ಅದರ ಮೇಲೆ ಲೈಫ್ ಜಾಕೆಟ್ ಹಾಕಿದ ಆರು ಮಂದಿ. ಬೊಳ್ಳಾಜೆಯ ತೋಡಿನಲ್ಲಿ ಆಗ ಮೊಣಕಾಲು ನೀರಿತ್ತು. ಒಂದು ಎಮ್ಮೆ ಅದರಲ್ಲಿ ಮಲಗಲು ನೋಡಿ, ಸಾಲದೆಂದು ಎದ್ದು ಹೋಗುತ್ತಿತ್ತು.

ಜೀಪಿನಿಂದ ಇಳಿದವರು ವಿಪತ್ತು ನಿರ್ವಹಣೆಯ ನೋಡಲ್ ಅಧಿಕಾರಿ ವಿಷ್ಣುಪ್ರಸಾದ್. ಅವರದ್ದೂ ಒಂದು ನೋವು ಇತ್ತು. ಮೂರು ವರ್ಷದಿಂದ ಬೊಳ್ಳಾಜೆಗೆ ಮುಂಜಾಗ್ರತೆಯ ಅನುದಾನ ಬೇಕೆಂದು ಬರೆಯುತ್ತಿದ್ದರು. ಮೇಲಿನಿಂದ ಪ್ರತಿ ಸಲ ಒಂದೇ ಉತ್ತರ: ಆ ಊರಲ್ಲಿ ಇದುವರೆಗೆ ಅನಾಹುತ ಆಗಿಲ್ಲ, ಆದ್ದರಿಂದ ಅನಾಹುತ ತಡೆಯಲು ಹಣ ಇಲ್ಲ.

"ನಿಮ್ಮಂಥವರು ಊರಿಗೊಬ್ಬರು ಬೇಕು," ಎಂದು ಅವರು ತಿರುಮಲೇಶ್ವರಣ್ಣನ ಎರಡೂ ಕೈ ಹಿಡಿದು ಕುಲುಕಿದರು. "ಸ್ಯಾಟಲೈಟಿನಲ್ಲಿ ಏನೂ ಕಾಣುದಿಲ್ಲ. ನಿಮ್ಮಿಂದ ಗೊತ್ತಾಯ್ತು."

"ಸ್ಯಾಟಲೈಟ್ ತುಂಬಾ ಮೇಲೆ ಅಲ್ವಾ ಸರ್, ಅದಕ್ಕೆ ಎಲ್ಲಿ ಕಾಣಬೇಕು," ಎಂದರು ತಿರುಮಲೇಶ್ವರಣ್ಣ ದೊಡ್ಡ ಮನಸ್ಸಿನಿಂದ.

ಅಲ್ಲೇ ಅಂಗಳದಲ್ಲಿ ಆದೇಶ ತಯಾರಾಯಿತು. ಬೊಳ್ಳಾಜೆಯ ಸಮುದಾಯ ಭವನ ನಾಳೆಯಿಂದ ಕಾಳಜಿ ಕೇಂದ್ರ. ಅಪಾಯದ ಮನೆಯವರೆಲ್ಲ ಅಲ್ಲಿಗೆ ಬರಬೇಕು. ಸೋಮವಾರದವರೆಗೆ ಊರಲ್ಲಿ ಸಭೆ, ಸಮಾರಂಭ, ಗುಂಪು ಸೇರುವುದು ಎಲ್ಲ ಬಂದ್.

ತಿರುಮಲೇಶ್ವರಣ್ಣನ ಎದೆ ಅಂಗಳದಷ್ಟು ಅಗಲ ಆಗಿತ್ತು. ಅದು ಚಪ್ಪಟೆಯಾಗಲು ಒಂದು ಬೈಕು ಸಾಕಾಯಿತು. ಬೈಕಿನಿಂದ ಹಕೀಮ್ ಇಳಿದರು.

"ತಿರುಮಲೇಶ್ವರಣ್ಣ, ಆದಿತ್ಯವಾರ ಎಂತ ಉಂಟು ಅಂತ ನೆನಪುಂಟಾ ನಿಮಗೆ?"

ನೆನಪಿತ್ತು. ಆ ಕ್ಷಣದವರೆಗೆ ಇರಲಿಲ್ಲ, ಈಗ ಬಂತು. ಆದಿತ್ಯವಾರ ಹಕೀಮರ ಮಗಳು ಜುವೈರಿಯಾಳ ಮದುವೆ. ಅದೇ ಸಮುದಾಯ ಭವನದಲ್ಲಿ. ಆರುನೂರು ಜನ. ಆಮಂತ್ರಣ ಕೊಡಲು ಬಂದ ದಿನ ಹಕೀಮ್ ಹೇಳಿದ್ದು, "ನೀವು ಬೆಳಿಗ್ಗೆಯೇ ಬರಬೇಕು, ಮನೆಯವರ ಹಾಗೆ." ಜುವೈರಿಯಾ ಸಣ್ಣವಳಿರುವಾಗ ಇದೇ ಅಂಗಳದಲ್ಲಿ ಸೈಕಲ್ ಕಲಿತದ್ದು, ಬಿದ್ದು ಮಂಡಿ ಒಡೆದದ್ದು, ಪರಮೇಶ್ವರಿ ಅರಶಿನ ಹಚ್ಚಿದ್ದು.

"ಹುಡುಗನ ಕಡೆಯವರಿಗೆ ಗುರುವಾಯನಕೆರೆಗೆ ಎಂತ ಅಂತ ಹೇಳುದು ನಾನು? ಹುಡುಗನಿಗೆ ಹತ್ತು ದಿನದ ರಜೆ, ಬುಧವಾರ ದುಬೈಗೆ ಹೋಗ್ಲಿಕ್ಕುಂಟು. ಮುಂದೆ ಹಾಕ್ಲಿಕ್ಕೆ ಆಗುದಿಲ್ಲ. ನೀವೇ ಹೇಳಿ, ನನ್ನಲ್ಲಿ ಇಪ್ಪತ್ತೊಂದು, ಒಂದು ಗುಡ್ಡೆ ದಾಟಿದರೆ ಐನೂರ ಎಪ್ಪತ್ತೊಂದಾ? ಮಳೆ ನಿಮ್ಮ ಅಡ್ರೆಸ್ ಹಿಡ್ಕೊಂಡು ಬರ್ತದಾ?"

"ಹಕೀಮರೇ, ದೇವರಾಣೆ, ನಾನು ಒಂದು ಮಿಲಿಮೀಟರ್ ಜಾಸ್ತಿ ಬರೆಯಲಿಲ್ಲ."

"ಬರೆದಿದ್ದೀರಿ ಅಂತ ನಾನು ಹೇಳುದಿಲ್ಲ. ಆದರೆ ನಿಮಗೆ ಖುಷಿ ಆಗ್ತಾ ಉಂಟು," ಎಂದು ಹಕೀಮ್ ಬೈಕು ತಿರುಗಿಸಿದರು.

ಶನಿವಾರ ಬೆಳಿಗ್ಗೆ ಬಿಸಿಲು. ಹಿಂದಿನ ದಿನ ಹಗಲಾಗಲಿ ರಾತ್ರಿಯಾಗಲಿ ಒಂದು ಹನಿ ಬಿದ್ದಿರಲಿಲ್ಲ. ಹಪ್ಪಳ ಒಣಗಿಸುವಂಥ ಬಿಸಿಲು ಬಂದಿತ್ತು, ಪರಮೇಶ್ವರಿ ಹಪ್ಪಳ ಹಾಕಿಯೂ ಆಗಿತ್ತು. ತಿರುಮಲೇಶ್ವರಣ್ಣ ಇವತ್ತು ಸೊನ್ನೆ ಬರುತ್ತದೆ, ಆದೇಶ ರದ್ದಾಗುತ್ತದೆ, ಎಲ್ಲ ಸರಿಯಾಗುತ್ತದೆ ಎಂದುಕೊಂಡು ಹಗುರ ಮನಸ್ಸಿನಿಂದ ಮಾಪಕದ ಒಳಗಿನ, ನೀರು ತುಂಬುವ ಕ್ಯಾನಿಗೆ ಒಂದು ಕೈ ಹಾಕಿದರು. ಎತ್ತಲು ಆಗಲಿಲ್ಲ. ಭಾರ! ಎರಡೂ ಕೈ ಹಾಕಿ ಎತ್ತಿ, ಕೊಳವೆಗೆ ಹೊಯ್ದು ಹೊಯ್ದು ಕೂಡಿಸಿದರೆ ಏಳುನೂರ ಎಪ್ಪತ್ತು.

ಆಗಲೇ ಯಶ್ಮಿತಾ ಫೋನ್. "ಅಂಕಲ್, ಎಷ್ಟು?"

"ಏಳುನೂರ ಎಪ್ಪತ್ತು," ಎಂದುಬಿಟ್ಟಿತು ಬಾಯಿ, ಮೂರು ದಿನದ ಅಭ್ಯಾಸದಿಂದ.

"ಬಿಸಿಲಿನಲ್ಲಾ?"

"ಬಿಸಿಲಿನಲ್ಲಿ... ಅಲ್ಲ, ತಾಳಿ, ಯಶ್ಮಿತಾ..."

"ಜಿಲ್ಲೆಗೆ ಹೋಯ್ತು ಅಂಕಲ್," ಎಂದು ಫೋನ್ ಇಟ್ಟರು ಯಶ್ಮಿತಾ.

ತಿರುಮಲೇಶ್ವರಣ್ಣ ಇಂಟರ್‌ಲಾಕಿನ ಮೇಲೆ ಕೂತುಬಿಟ್ಟರು. ಕೂತಾಗ ಕಟ್ಟೆಯ ಗೂಡು ಕಣ್ಣಿನ ಮಟ್ಟಕ್ಕೆ ಬಂತು. ಗೂಡಿನಲ್ಲಿ ಅರ್ಧ ಉರಿದ ಬತ್ತಿ. ಮಾಪಕದ ಹಿತ್ತಾಳೆ ಹೊಟ್ಟೆಯ ಮೇಲೆ ಮೂರು ಬೆರಳಿನ ಕುಂಕುಮ. ಮೂರು ದಿನ ಮಳೆ ತೊಳೆದುಕೊಂಡು ಹೋಗುತ್ತಿದ್ದದ್ದು ಇವತ್ತು ಬಿಸಿಲಿಗೆ ಉಳಿದಿತ್ತು.

"ದೊಡ್ಡಮ್ಮಾ!"

"ಎಂತ ಮಗಾ?"

"ಇಲ್ಲಿ ನೀವು ದಿನಾ ಬೆಳಿಗ್ಗೆ ಎಂತ ಮಾಡ್ತೀರಿ?"

"ತುಳಸಿಗೆ ಒಂದು ಚೊಂಬು ನೀರು ಹಾಕಿ ಸುತ್ತು ಬರ್ತೇನೆ. ಯಾಕೆ?"

"ಒಂದು ಚೊಂಬಾ?"

"ಬುಧವಾರ ಒಂದೇ," ಎಂದರು ದುಗ್ಗಮ್ಮ ಪ್ರಾಮಾಣಿಕವಾಗಿ. "ಮಳೆ ಜೋರು ಅಂತ ನೀನು ಹೇಳಿದೆಯಲ್ಲ, ಕಡಿಮೆಯಾಗಲಿ ಅಂತ ಗುರುವಾರ ಎರಡು ಹಾಕಿದೆ. ಸರ್ಕಾರದವರು ಬಂದರಲ್ಲ, ಮರುದಿನ ಐದು. ಬೋಟೇ ಬಂತು ಅಂದ ಮೇಲೆ ಇವತ್ತು ಏಳು ಹಾಕಿ ಹರಕೆ ಹೇಳಿದೆ. ನೋಡು, ಬಿಸಿಲು ಬಂತಲ್ಲ!"

ಪರಮೇಶ್ವರಿ ಹಪ್ಪಳದ ಪಕ್ಕದಲ್ಲೇ ಕೂತು, ಸೆರಗು ಬಾಯಿಗೆ ತುರುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಂದು ಚೊಂಬಿಗೆ ನೂರ ಹತ್ತು ಮಿಲಿಮೀಟರ್. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಾಪಕ ನಿಜಕ್ಕೂ ವೈಜ್ಞಾನಿಕ.

ತಿರುಮಲೇಶ್ವರಣ್ಣ ಅಂಗಿಯ ಗುಂಡಿ ತಪ್ಪು ತಪ್ಪು ಹಾಕಿಕೊಂಡು ಸಮುದಾಯ ಭವನಕ್ಕೆ ಓಡಿದರು. ಪತ್ರಿಕೆಯಲ್ಲಿ ಬಂದ ಫೋಟೋ, ಮೂರು ದಿನದ ಕಿರೀಟ, ಎಲ್ಲ ಹೋಗಲಿ. ಮದುವೆ ನಿಲ್ಲಬಾರದು.

ಭವನದಲ್ಲಿ ಬ್ಯಾನರ್ ಕಟ್ಟಿಯಾಗಿತ್ತು. ನೂರು ಚಾಪೆ, ನೂರು ಕಂಬಳಿ, ಒಂದು ದೊಡ್ಡ ಪಾತ್ರೆ ಉಪ್ಪಿಟ್ಟು. ಸಂತ್ರಸ್ತರು ಮಾತ್ರ ಒಬ್ಬರೂ ಇಲ್ಲ. ನಮ್ಮ ಕಡೆ ಮನೆಗೆ ನೀರು ನುಗ್ಗಿದರೆ ಜನ ಅಕ್ಕನ ಮನೆಗೆ ಹೋಗುತ್ತಾರೆ, ಭಾವನ ಮನೆಗೆ ಹೋಗುತ್ತಾರೆ. ಕಾಳಜಿ ಕೇಂದ್ರಕ್ಕೆ ಹೋದರೆ, "ಅವನಿಗೆ ನೆಂಟರೇ ಇಲ್ವಾ?" ಎಂಬ ಮಾತು ಬರುತ್ತದೆ. ನೀರನ್ನು ತಡೆದುಕೊಳ್ಳಬಹುದು, ಆ ಮಾತನ್ನು ಆಗುವುದಿಲ್ಲ. ಬೋಟಿನ ಆರು ಮಂದಿ ಮೂರನೇ ಸಲ ಉಪ್ಪಿಟ್ಟು ತಿನ್ನುತ್ತಿದ್ದರು. ಬಾಗಿಲ ಹತ್ತಿರ ಹಕೀಮ್ ಮತ್ತು ಅವರ ತಾಯಿ ಬೀಫಾತುಮ್ಮ ಅಧಿಕಾರಿಯ ಹತ್ತಿರ ಬೇಡಿಕೊಳ್ಳುತ್ತಾ ನಿಂತಿದ್ದರು.

"ಸರ್! ಮಳೆ ಬರಲಿಲ್ಲ ಸರ್! ಅದು ಚೊಂಬು!" ಎಂದು ಕೂಗುತ್ತಲೇ ಒಳಗೆ ಬಂದರು ತಿರುಮಲೇಶ್ವರಣ್ಣ.

ಎಲ್ಲರೆದುರು ಪೂರ್ತಿ ಕಥೆ ಹೇಳಿದರು. ಹಕೀಮರ ಮುಖದಲ್ಲಿ ಸಿಟ್ಟು, ಬೆರಗು, ನಗು ಸರದಿಯಲ್ಲಿ ಬಂದು ಹೋದವು. ಬೋಟಿನವರಲ್ಲಿ ಒಬ್ಬನಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು.

ವಿಷ್ಣುಪ್ರಸಾದ್ ಮಾತ್ರ ನಗಲಿಲ್ಲ. ಒಂದು ನಮೂನೆಯ ಹಾಳೆ ಬಿಡಿಸಿದರು. "ನೋಡಿ, ಇದರಲ್ಲಿ ಸಾಧಾರಣ ಮಳೆ ಉಂಟು, ಭಾರಿ ಮಳೆ ಉಂಟು, ಅತಿ ಭಾರಿ ಉಂಟು. ಚೊಂಬು ಅಂತ ಕಾಲಂ ಇಲ್ಲ."

"ಹಾಗಾದರೆ ರದ್ದು ಮಾಡಿ ಸರ್."

"ಹೇಗೆ ಮಾಡುದು? ಆದೇಶ ತೆಗೀಲಿಕ್ಕೆ ಮೂರು ದಿನ ಸತತ ಕಡಿಮೆ ಮಳೆ ಆಗಬೇಕು. ಇವತ್ತು ಏಳುನೂರ ಎಪ್ಪತ್ತು ಅಂತ ನೀವೇ ಕೊಟ್ಟಿದ್ದೀರಿ. ನಾಳೆ ಮಂಗಳೂರಿನಿಂದ ದೊಡ್ಡ ಸಾಹೇಬ್ರು ಕೇಂದ್ರ ನೋಡ್ಲಿಕ್ಕೆ ಬರ್ತಾರೆ. ನನಗೆ ಒಬ್ಬ ಸಂತ್ರಸ್ತ ಸಿಗ್ತಾ ಇಲ್ಲ, ನೀವು ಮಳೆಯನ್ನೂ ಇಲ್ಲ ಅಂತೀರಿ! ಬೋಟಿನ ಡೀಸೆಲಿಗೆ ಯಾರು ಉತ್ತರ ಹೇಳುದು?"

ಬೀಫಾತುಮ್ಮ ಮೆಲ್ಲನೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತರು.

"ಸಾರ್, ಈ ಕೇಂದ್ರಕ್ಕೆ ಯಾರೆಲ್ಲ ಬರಬಹುದು?"

"ಮಳೆಗೆ ಹೆದರಿದವರು ಯಾರೂ ಬರಬಹುದು ಅಮ್ಮ."

"ಎಷ್ಟು ಜನ?"

"ಎಷ್ಟಾದರೂ."

"ನೆಂಟರು ಬೇರೆ ಊರಿನಿಂದ ಬಂದವರು ಇದ್ದರೆ?"

"ಬಂದು ಸಿಕ್ಕಿ ಹಾಕಿಕೊಂಡವರೂ ಸಂತ್ರಸ್ತರೇ."

"ಊಟ?"

"ಸರ್ಕಾರ ಕೊಡ್ತದೆ. ದಾನಿಗಳು ಯಾರಾದರೂ ಕೊಟ್ಟರೆ ಇನ್ನೂ ಒಳ್ಳೇದು."

"ಹೊಸ ಸೀರೆ ಉಟ್ಟು ಬರಬಹುದಾ?"

ವಿಷ್ಣುಪ್ರಸಾದ್ ಖಾಲಿ ಬಿದ್ದ ನೂರು ಚಾಪೆ ನೋಡಿದರು. "ಇಂಥದ್ದೇ ಉಡಬೇಕು ಅಂತ ನಿಯಮ ಇಲ್ಲ," ಎಂದರು ನಿಧಾನವಾಗಿ.

"ಹಾಗಾದರೆ ಬರೀರಿ ಸಾರ್. ನಾಳೆ ಹತ್ತು ಗಂಟೆಗೆ ಆರುನೂರು ಜನ ಹೆದರ್ತೇವೆ," ಎಂದರು ಬೀಫಾತುಮ್ಮ. ಆಮೇಲೆ ತಿರುಮಲೇಶ್ವರಣ್ಣನ ಕಡೆ ತಿರುಗಿ, ಮಗನನ್ನು ಕರೆಯುವ ಹಾಗೆ, "ಮೋನೆ, ನೀನೂ ಬಾ. ಆ ಚೊಂಬಿನ ದೊಡ್ಡಮ್ಮನನ್ನು ಕರ್ಕೊಂಡು ಬಾ. ಅವರನ್ನು ನಾನು ನೋಡಬೇಕು."

ಆದಿತ್ಯವಾರ ಬೊಳ್ಳಾಜೆಯ ಕಾಳಜಿ ಕೇಂದ್ರ ತುಂಬಿ ತುಳುಕಿತು. ಸಂತ್ರಸ್ತರು ಕಾರಿನಲ್ಲಿ ಬಂದರು, ಟೆಂಪೋದಲ್ಲಿ ಬಂದರು, ಅತ್ತರು ಹಾಕಿಕೊಂಡು ಬಂದರು. ಯಶ್ಮಿತಾ ಬಾಗಿಲಲ್ಲಿ ಕೂತು ಹೆಸರು ಬರೆದುಕೊಂಡರು. ಒಂದನೇ ಸಂತ್ರಸ್ತೆ ಜುವೈರಿಯಾ. ಕಂಬಳಿಗಳು ಮದುಮಗನ ಕಡೆಯ ಹಿರಿಯರಿಗೆ ಬೆನ್ನಿಗೆ ಒರಗಲು ಹೋದವು. ವೀಡಿಯೋದವನು ಬೋಟು ಕಂಡದ್ದೇ ಹುಚ್ಚನಾಗಿ, ಮದುಮಗನನ್ನು ಅದರಲ್ಲಿ ಕೂರಿಸಲೇಬೇಕೆಂದ. ತೋಡಿನಲ್ಲಿ ಬೋಟು ತೇಲಲಿಲ್ಲ. ಆರು ಮಂದಿ ರಕ್ಷಕರು ಅದನ್ನು ಮದುಮಗನ ಸಮೇತ ಎತ್ತಿ ಹಿಡಿದು, ಮೊಣಕಾಲು ನೀರಿನಲ್ಲಿ ಮೂರು ಸಲ ಆಚೆ ಈಚೆ ಹೋದರು. ಮೂರು ವರ್ಷದಲ್ಲಿ ಅವರಿಗೆ ಸಿಕ್ಕಿದ ಮೊದಲ ರಕ್ಷಣಾ ಕಾರ್ಯ. ಎಮ್ಮೆ ದಡದಲ್ಲಿ ನಿಂತು ನೋಡಿತು.

ದೊಡ್ಡ ಸಾಹೇಬರು ಬರುವಾಗ ಮೂರು ಗಂಟೆ. ಬಿರಿಯಾನಿಯ ಪರಿಮಳಕ್ಕೆ ಅವರು ಬಾಗಿಲಲ್ಲೇ ಒಮ್ಮೆ ನಿಂತರು.

"ಇದು ದಾನಿಗಳು ಕೊಟ್ಟದ್ದು ಸರ್," ಎಂದರು ವಿಷ್ಣುಪ್ರಸಾದ್ ಬೆವರೊರೆಸಿಕೊಳ್ಳುತ್ತಾ.

ಸಾಹೇಬರು ಒಬ್ಬ ವೃದ್ಧರ ಹೆಗಲ ಮೇಲೆ ಕೈ ಇಟ್ಟು, "ತುಂಬಾ ಕಷ್ಟ ಆಯ್ತಾ ಅಜ್ಜ?" ಎಂದು ಕೇಳಿದರು.

"ಹೌದು ಸಾರ್. ಎರಡನೇ ಪಂಕ್ತಿಯವರೆಗೆ ಕಾಯಬೇಕಾಯ್ತು."

ಅದೇ ಹೊತ್ತಿಗೆ ಜುವೈರಿಯಾ ಅಪ್ಪನ ಎದೆಗೊರಗಿ ಅಳುತ್ತಾ ಹೊರಗೆ ಬಂದಳು. ಹಕೀಮ್ ಕೂಡ ಅಳುತ್ತಿದ್ದರು. ಸಾಹೇಬರ ಮನಸ್ಸು ಕರಗಿತು.

"ಧೈರ್ಯ ಇರಲಿ ಅಮ್ಮ. ಮನೆ ಬಿಟ್ಟು ಬರುವಾಗ ದುಃಖ ಆಗ್ತದೆ. ಆದರೆ ಹೊಸ ಮನೆ ಸಿಕ್ಕೇ ಸಿಗ್ತದೆ."

"ಸಿಕ್ಕಿದೆ ಸಾರ್," ಎಂದಳು ಜುವೈರಿಯಾ ಬಿಕ್ಕುತ್ತಾ. "ಗುರುವಾಯನಕೆರೆಯಲ್ಲಿ."

"ಇಷ್ಟು ಬೇಗ!" ಎಂದು ಸಾಹೇಬರು ವಿಷ್ಣುಪ್ರಸಾದರ ಬೆನ್ನು ತಟ್ಟಿದರು.

ಒಳಗೆ ಹೆಂಗಸರ ಬದಿಯಲ್ಲಿ ಬೀಫಾತುಮ್ಮ ಮತ್ತು ದುಗ್ಗಮ್ಮ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ದುಗ್ಗಮ್ಮನಿಗೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಬೀಫಾತುಮ್ಮನಿಗೆ ನಗು ನಿಲ್ಲುತ್ತಿರಲಿಲ್ಲ.

ಆ ಸಂಜೆ ತಿರುಮಲೇಶ್ವರಣ್ಣ ಬಳಗಕ್ಕೆ ಬರೆದರು: 'ಬುಧವಾರದಿಂದ ಶನಿವಾರದವರೆಗೆ ನನ್ನ ಲೆಕ್ಕದಿಂದ ಹದಿನೈದು ಚೊಂಬು ಕಳೆಯಬೇಕಾಗಿ ವಿನಂತಿ.' ಮರುದಿನದಿಂದ ಬಳಗದಲ್ಲಿ ಮಿಲಿಮೀಟರೇ ಹೋಯಿತು. ಉಪ್ಪಿನಂಗಡಿಯಲ್ಲಿ ಅರ್ಧ ಚೊಂಬು, ಸಂಪಾಜೆಯಲ್ಲಿ ಮುಕ್ಕಾಲು ಚೊಂಬು.

ಹದಿನೈದು ದಿನ ಕಳೆದು ಅನುದಾನ ಮಂಜೂರಾಯಿತು. ಅತ್ಯಂತ ಹೆಚ್ಚು ಮಳೆ ಬೀಳುವ ಸ್ಥಳವನ್ನು ರಕ್ಷಿಸುವ ಸಲುವಾಗಿ ಎಂದು ಮಾಪಕದ ಸುತ್ತ ಆಳೆತ್ತರದ ಕಬ್ಬಿಣದ ಬಲೆ, ಒಂದು ಗೇಟು, ಗೇಟಿಗೆ ಬೀಗ. 'ಪ್ರವೇಶ ನಿಷೇಧಿಸಿದೆ' ಎಂಬ ಬೋರ್ಡು. ಬೀಗದ ಕೈ ತಾಲೂಕು ಕಚೇರಿಯಲ್ಲಿ.

"ಅಳತೆ ತೆಗೆಯುದು ಹೇಗೆ?" ಎಂದು ತಿರುಮಲೇಶ್ವರಣ್ಣ ಕೇಳಿದ್ದಕ್ಕೆ, "ಕ್ಯಾನಿಗೆ ಪೈಪು ಹಾಕಿದ್ದೇವೆ, ಹೊರಗಿನಿಂದಲೇ ತೆಗೀಬಹುದು," ಎಂದು ಬಲೆಯವರು ತೋರಿಸಿ ಹೋದರು.

ಅಷ್ಟರಲ್ಲಿ ದುಗ್ಗಮ್ಮನ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕದಲ್ಲಿ ಅವರು ಮಾಪಕವನ್ನು ಮೊದಲ ಸಲ ಸರಿಯಾಗಿ ನೋಡಿದರು. ತುಳಸಿ ಅಲ್ಲವೆಂದು ಒಪ್ಪಿದರು. ಸಂಪಾಜೆಗೆ ಹೊರಡುವ ಶನಿವಾರ ಸಂಜೆ ಬಲೆಯ ಹೊರಗೆ ನಿಂತು ಕೈ ಮುಗಿದು, ಬಲೆಯ ಮೇಲಿಂದ ಒಳಗೆ ಏನೋ ಎಸೆದು, ಕಾರು ಹತ್ತಿದರು.

ಆ ರಾತ್ರಿ ಸುರಿದ ಮಳೆಗೆ ಹಂಚು ನಡುಗಿತು. ತೋಡು ರಸ್ತೆಗೆ ಬಂತು. ಎಂಟೂವರೆಗೆ ತಿರುಮಲೇಶ್ವರಣ್ಣ ಕೊಡೆ ಹಿಡಿದು, ಬಲೆಯ ಹೊರಗೆ ಕೂತು ಪೈಪಿನ ನಲ್ಲಿ ತಿರುಗಿಸಿದರು. ಒಂದು ಹನಿ ಬರಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಎದ್ದು ನಿಂತು ಬಲೆಯೊಳಗೆ ಇಣುಕಿದರೆ, ಮಾಪಕದ ಬಾಯಲ್ಲಿ ಒಂದು ದೊಡ್ಡ ಕೆಂಪು ದಾಸವಾಳ ಕುತ್ತಿಗೆಯವರೆಗೆ ಸಿಕ್ಕಿಕೊಂಡಿತ್ತು. ಅದರ ಮೇಲಿಂದ ನೀರು ಹಾಲಿನ ಹಾಗೆ ಹೊರಗೆ ಉಕ್ಕಿ ಹೋಗುತ್ತಿತ್ತು.

ಸಂಪಾಜೆಗೆ ಫೋನ್ ಮಾಡಿದರು. "ದೊಡ್ಡಮ್ಮ, ತುಳಸಿ ಅಲ್ಲ ಅಂತ ನೋಡಿದಿರಲ್ಲ! ಮತ್ತೆ ಹೂವು ಯಾಕೆ?"

"ನಾಲ್ಕು ದಿನ ನನ್ನ ಕೈಯ ನೀರು ಕುಡಿದಿದೆ ಮಗಾ. ಹೇಳದೆ ಬರ್ಲಿಕ್ಕೆ ಆಗ್ತದಾ?"

ಫೋನ್ ಇಡುವಷ್ಟರಲ್ಲಿ ಹಕೀಮರದ್ದು ಬಂತು. "ತಿರುಮಲೇಶ್ವರಣ್ಣ, ನನ್ನಲ್ಲಿ ನೂರ ಎಂಬತ್ತಾರು! ನಿಮ್ಮಲ್ಲಿ ಎಷ್ಟು?"

"ಇವತ್ತು ಆದಿತ್ಯವಾರ ಅಲ್ವಾ, ತಾಲೂಕು ಕಚೇರಿ ತೆರೀತದಾ?"

"ಇಲ್ಲ. ಯಾಕೆ ಮಾರಾಯ್ರೆ?"

"ಹಾಗಾದರೆ ನನ್ನಲ್ಲಿ ಸೊನ್ನೆ."

ಆ ಕಡೆಯಿಂದ ನಗು ಕೇಳುತ್ತಿದ್ದ ಹಾಗೆಯೇ ಅವರು ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಮಾವಿನಕಾಯಿ ಕೊಯ್ಯುವ ದೋಟಿ ತಂದರು. ಬಲೆಯ ಕಣ್ಣಿನಿಂದ ತೂರಿಸಿ, ಒಂದು ಕಣ್ಣು ಮುಚ್ಚಿ, ಹೂವಿನ ತೊಟ್ಟಿಗೆ ಗುರಿ ಇಟ್ಟು ಮೆಲ್ಲನೆ ಮೇಲಕ್ಕೆ ಮೀಟಿದರು. ದೋಟಿ ಜಾರಿತು. ದಾಸವಾಳ ಇನ್ನೊಂದು ಇಂಚು ಒಳಗೆ ಇಳಿದು ಭದ್ರವಾಗಿ ಕೂತಿತು.